ಕೋಟೆ ಬಾಗಿಲಿಗೆ ಆನೆ ಬಂದಾಗ

ನಾನು ಕೂತು ಬರೆಯುವ ಕೋಣೆಗೂ ಪಕ್ಕದ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಹಳೆಯ ಕಾಲದ ಮಣ್ಣಿನ ಗೋಡೆಯಾಗಿದ್ದರೆ ದಪ್ಪವಾಗಿ, ಮೌನಿಯಾಗಿ, ಅವರ ಲೋಕವನ್ನು ಅವರಿಗೂ ನನ್ನ ಲೋಕವನ್ನು ನನಗೂ ಬಿಟ್ಟುಕೊಟ್ಟು ಸುಮ್ಮನಿರುತ್ತಿತ್ತೋ ಏನೋ. ಇದು ನಮ್ಮ ಮಾವನವರು ಬೀದಿ ಕಡೆಯ ಪಡಸಾಲೆಯನ್ನು ಬಾಡಿಗೆಗೆ ಕೊಡುವಾಗ ಅವಸರದಲ್ಲಿ ಎಬ್ಬಿಸಿದ ತೆಳ್ಳನೆಯ ಇಟ್ಟಿಗೆ ಗೋಡೆ, ಗುಟ್ಟು ಕಾಯುವ ಜಾಯಮಾನದ್ದಲ್ಲ. ಹಾಗಾಗಿ ಕೊಟ್ಟೂರಿನ ನನ್ನ ಬೆಳಗುಗಳು ಹೊಲಿಗೆ ಯಂತ್ರಗಳ ಸದ್ದಿನಿಂದಲೇ ಶುರುವಾಗುತ್ತವೆ. ಮೊದಲು ಒಂದು ಯಂತ್ರ ಗಂಟಲು ಸರಿಮಾಡಿಕೊಂಡಂತೆ ತಡವರಿಸಿ ಓಡತೊಡಗುತ್ತದೆ, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಮತ್ತೊಂದು. ಮದುವೆಯ ದಿನಗಳಲ್ಲಂತೂ ತಗಡಿನ ಮೇಲೆ ಮಳೆ ಸುರಿದ ಹಾಗೆ ಬಿಡುವಿಲ್ಲದ ಸದ್ದು. ಮನೆಗೆ ಬಂದವರು, ಇದರ ನಡುವೆ ಅದು ಹೇಗೆ ಬರೀತೀರಿ ಎಂದು ಮರುಗುತ್ತಾರೆ. ಮರುಗಬೇಕಿಲ್ಲ. ಬರೆಯುವವರಿಗೆ ತಮ್ಮ ಕತೆ ಕೇಳುವವರ ಮುಖ ಕಾಣುವ ಭಾಗ್ಯ ಅಪರೂಪ. ನನಗೆ ಮುಖ ಕಾಣದಿದ್ದರೂ ಯಂತ್ರ ತುಳಿಯುವ ಕಾಲುಗಳ ಸದ್ದು ಕೇಳಿಸುತ್ತದೆ. ಆ ಸದ್ದಿನಿಂದ ನನ್ನ ಮೇಲಿರುವ ಋಣವನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದೇ ಈ ಮಾತೆಲ್ಲ.

ನಾನು ಬರೆಯುವುದು ಕಿವಿಗೆ. ಮೊದಲು ವಾರಪತ್ರಿಕೆಗಳಿಗೆ ಧಾರಾವಾಹಿ ಬರೆಯುತ್ತಿದ್ದೆ. ಆ ಪತ್ರಿಕೆಗಳು ಒಂದೊಂದಾಗಿ ಸೊರಗಿದ ಮೇಲೆ, ಇನ್ನು ನನ್ನ ಪೆನ್ನಿಗೂ ವಿಶ್ರಾಂತಿಯೇ ಎಂದುಕೊಂಡಿದ್ದಾಗ, ಮೊಬೈಲಿನಲ್ಲಿ ಕತೆ ಕೇಳಿಸುವ ಕಂಪನಿಯೊಂದರ ಹುಡುಗಿ ಹೇಗೋ ನನ್ನನ್ನು ಹುಡುಕಿ ಫೋನು ಮಾಡಿದಳು. ಅವಳ ಹೆಸರು ಸಹನಾ. ಅಂದಿನಿಂದ ನಾನು ಬರೆದು ಕಳಿಸುತ್ತೇನೆ, ಬೆಂಗಳೂರಿನಲ್ಲಿ ಯಾರೋ ಒಳ್ಳೆಯ ದನಿಯವರು ಓದುತ್ತಾರೆ, ಕುದುರೆಯ ಖುರಪುಟವನ್ನೂ ಗುಡುಗನ್ನೂ ಇನ್ಯಾರೋ ಸೇರಿಸುತ್ತಾರೆ, ವಾರಕ್ಕೆರಡು ಸಂಚಿಕೆ ಊರೂರಿನ ಫೋನುಗಳಿಗೆ ಹೋಗುತ್ತದೆ. ನನ್ನದು ಪಾಳೆಯಗಾರರ ಕಾಲದ ಕಲ್ಪಿತ ಕತೆ. ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಬೆಳೆದವಳಿಗೆ ಕೋಟೆ ಕಟ್ಟಲು ಬೇರೆ ಕಲ್ಲು ಬೇಕೇ? ಸುರಂಗ, ವಿಷ, ಕರಡಿ, ಕತ್ತಿ, ಎಲ್ಲವೂ ಉಂಟು. ಇದನ್ನು ಘನವಾದ ಸಾಹಿತ್ಯವೆಂದು ಯಾರೂ ಕರೆದಿಲ್ಲ, ನಾನೂ ಆ ಹಟ ಹಿಡಿದಿಲ್ಲ.

ಪಕ್ಕದ ಅಂಗಡಿ ಉಜ್ಜಿನಿಯಿಂದ ಬಂದು ಇಲ್ಲಿ ನೆಲೆಸಿದ ಶಾರದಕ್ಕನದು. ನನ್ನದೇ ವಯಸ್ಸಿನವಳು, ಮಾತಿನಲ್ಲಿ ಕತ್ತರಿ, ಮನಸ್ಸಿನಲ್ಲಿ ರೇಷ್ಮೆ. ನನ್ನ ಸಂಚಿಕೆ ಬಂದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ಅದನ್ನು ಫೋನಿನಲ್ಲಿ ಹಾಕಿ, ಆ ಫೋನನ್ನು ಒಂದು ಸ್ಟೀಲಿನ ಚೊಂಬಿನೊಳಗೆ ನಿಲ್ಲಿಸುತ್ತಾಳೆ. ಚೊಂಬಿನಿಂದ ಹೊರಟ ದನಿ ಗವಿಯಿಂದ ಬಂದಂತೆ ಮೊಳಗಿ, ಅಂಗಡಿಯ ಹೆಂಗಸರಿಗೆಲ್ಲ ಕೇಳಿಸಿ, ಗೋಡೆ ದಾಟಿ ನನಗೂ ಕೇಳಿಸುತ್ತದೆ. ನಾನೇ ಬರೆದ ಸಾಲುಗಳು ಚೊಂಬಿನ ಬಾಯಿಂದ ನನಗೇ ಬಂದು ತಾಗುವಾಗ ಆಗುವ ನಾಚಿಕೆಯನ್ನೂ ಹಿಗ್ಗನ್ನೂ ಏನೆಂದು ಹೇಳಲಿ!

ಆದರೆ ನಾನು ಕ್ರಮೇಣ ಗಮನಿಸತೊಡಗಿದ್ದು ದನಿಯನ್ನಲ್ಲ, ಯಂತ್ರಗಳನ್ನು. ಕಷ್ಟಪಟ್ಟು, ಗುಡ್ಡದ ನೆರಳು ಯಾವ ಕಡೆ ಬೀಳುತ್ತದೆಂದು ಕೂಡ ಯೋಚಿಸಿ ಬರೆದಿದ್ದ ಕುದುರೆ ದಂಡಿನ ಕಾಳಗದ ಸಂಚಿಕೆ ಬಂದ ದಿನ ಯಂತ್ರಗಳು ಎಂದಿಗಿಂತ ಜೋರಾಗಿ ಓಡಿದವು. ಅದೇ ವಾರ, ಕೋಟೆಯ ಅಡುಗೆಯವಳು ಸೆರೆಯಾಳಿಗೆ ರೊಟ್ಟಿ ಕೊಡುವಾಗ ಅವನ ಕೈಬೆರಳು ನೋಡಿ, ಇವನು ತನ್ನ ಊರಿನವನೇ ಎಂದು ಗುರುತಿಸುವ ಒಂದು ಪುಟ್ಟ ಸಂದರ್ಭವಿತ್ತು. ನಾನು ಅದನ್ನು ಬರೆದಿದ್ದು ಕಾಳಗಕ್ಕೂ ಕಾಳಗಕ್ಕೂ ನಡುವಿನ ಸೇತುವೆಯೆಂದು. ಆ ಮಾತು ಬಂದಾಗ ಗೋಡೆಯಾಚೆ ಒಂದು ಯಂತ್ರ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಕೊಟ್ಟೂರಿನ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಮಾತ್ರ ಉಳಿಯಿತು.

ಕಾಳಗ ಅವರಿಗೆ ಹಿಡಿಸಲಿಲ್ಲವೆಂದು ಪೆಚ್ಚಾಗಿ, ಸಂಜೆ ಶಾರದಕ್ಕನನ್ನು ಕೇಳಿಯೇ ಬಿಟ್ಟೆ. ಅವಳು ನಕ್ಕುಬಿಟ್ಟಳು.

"ಅಯ್ಯ ವಿಮಲಕ್ಕ, ಹಿಡಿಸದ ಇರತೈತೇನ್ರಿ? ಕುದುರಿ ಬಂದ್ವು ಅಂದ್ರ ನಮ್ಮ ಕಾಲು ತಾವ ಓಡ್ತಾವ. ಅವತ್ತು ಎರಡು ದಿನದ ಕೆಲಸ ಒಂದ ದಿನಕ್ಕ ಮುಗುದೈತಿ! ದಿನಾ ಯುದ್ಧ ಮಾಡಸ್ರಿ, ನಾನೇನು ಬ್ಯಾಡ ಅನ್ನಂಗಿಲ್ಲ."

"ಮತ್ತೆ ರೊಟ್ಟಿ ಕೊಡುವಾಗ ನಿಲ್ಲಿಸಿದಿರಲ್ಲ?"

"ಅಲ್ಲಿ ಸೂಜಿ ಬೆರಳಿಗೆ ಹೊಕ್ಕೀತು ಅಂತ ನಿಲ್ಲಿಸಿದ್ವಿ" ಎಂದಳು. "ಕಣ್ಣಾಗ ನೀರು ಬಂದ್ರ ಹೊಲಿಗಿ ಕಾಣಂಗಿಲ್ಲಲ್ರಿ."

ಆ ಮಾತನ್ನು ಮನೆಗೆ ತಂದು ಬಹಳ ದಿನ ಇಟ್ಟುಕೊಂಡಿದ್ದೆ. ಗೆಳೆಯರೇ, ಇದನ್ನು ಕೇಳಿ ನೀವು, ಹಾಗಾದರೆ ಅಬ್ಬರ ಬೇಡ, ಅಂತಃಕರಣವೊಂದೇ ಸಾಕು ಎಂಬ ತೀರ್ಮಾನಕ್ಕೆ ಹಾರಬೇಡಿ. ಓದಿದವರು ಹಾಗೆ ಹಾರುವುದುಂಟು. ಬೆಂಕಿ, ಕತ್ತಿ, ಕುದುರೆ ಎಂದರೆ ಮೂಗು ಮುರಿಯುವುದು ಸುಲಭ. ನನ್ನಿಂದ ಮಾತ್ರ ಅದು ಆಗದು, ಯಾಕೆಂದರೆ ನಾನು ರಾಕ್ಷಸನ ಮೊಮ್ಮಗಳು.

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ನನ್ನ ತಾಯಿಯ ತವರು. ಅಲ್ಲಿ ನನ್ನ ತಾಯಿಯ ತಂದೆ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದರು. ಕನ್ನಡಿ ಚೂರುಗಳನ್ನು ಕೂರಿಸಿದ ಕಿರೀಟ, ಹೆಗಲ ಮೇಲೆ ರೆಕ್ಕೆಯಂಥ ಭುಜಕೀರ್ತಿ, ಮುಖಕ್ಕೆ ಕೆಂಪು ಬಣ್ಣ. ಅವರು ರಂಗಕ್ಕೆ ಬರುವಾಗ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚಿದರೆ ಬೆಂಕಿ ಭಗ್ಗೆಂದು ಆಳೆತ್ತರ ಎದ್ದು, ಮುಂದೆ ಕೂತ ಮಕ್ಕಳೆಲ್ಲ ಹಿಂದಕ್ಕೆ ಉರುಳುತ್ತಿದ್ದರು. ಎಂಥ ಆನಂದ ಅದು! ಒಮ್ಮೆ ಬೇಸಿಗೆ ರಜೆಯ ಮಧ್ಯಾಹ್ನ ಅಜ್ಜ ಅಂಗಳದಲ್ಲಿ ಕೂತು ರಾಳ ಕುಟ್ಟುತ್ತಿದ್ದರು. ನಾನು, ಇನ್ನೂ ಜಾಸ್ತಿ ಕುಟ್ಟು ಅಜ್ಜ, ಆಟ ಮುಗಿಯುವವರೆಗೂ ಎರಚುತ್ತಲೇ ಇರಲಿ ಎಂದೆ. ಅಜ್ಜ ಕುಟ್ಟಾಣಿ ನಿಲ್ಲಿಸಿ ಹೇಳಿದ್ದು ಇಷ್ಟು: "ಹುಚ್ಚಿ, ರಾಳ ಹಾಕಾದು ಬೆಂಕಿ ನೋಡ್ಲಿ ಅಂತಲ್ಲ. ಆ ಬೆಳಕಿನಾಗ ನನ್ನ ಮಾರಿ ಕಾಣ್ಲಿ ಅಂತ. ಬರೇ ಬೆಂಕಿ ಉರದ್ರ ಜನ ಹೊಗಿಗೆ ಕೆಮ್ಮತಾರ; ಬೆಂಕಿ ಇಲ್ದಿದ್ರ ಕತ್ತಲಾಗ ರಾಕ್ಷಸ ಯಾರು, ಎಮ್ಮಿ ಯಾರು, ತಿಳಿಯಂಗಿಲ್ಲ."

ಅಂದು ನಾನು ಎಮ್ಮೆಯ ಮಾತಿಗೆ ಬಿದ್ದು ಬಿದ್ದು ನಕ್ಕೆನೇ ಹೊರತು ಬೇರೇನೂ ತಿಳಿಯಲಿಲ್ಲ. ತಿಳಿಯಲು ನಾನು ಮುದುಕಿಯಾಗುವ ಹೊಸ್ತಿಲಿಗೆ ಬರಬೇಕಾಯಿತು, ಅದಕ್ಕೆ ಹಾಲಮ್ಮ ಕಾರಣಳಾದಳು.

ಹಾಲಮ್ಮ ಶಾರದಕ್ಕನ ಅಂಗಡಿಯಲ್ಲಿ ಹೊಲಿಯುವವಳು. ಕುರಿ ಸಾಕುವ ಮನೆತನ, ಕೂಡ್ಲಿಗಿ ಹತ್ತಿರದ ಹಳ್ಳಿಯಿಂದ ಕೊಟ್ಟೂರಿಗೆ ಮದುವೆಯಾಗಿ ಬಂದವಳು. ಗಂಡ ಮಳೆಗಾಲ ಕಳೆದ ಮೇಲೆ ಹಿಂಡು ಹೊಡೆದುಕೊಂಡು ದೂರದ ಸೀಮೆಗೆ ಹೋಗುತ್ತಾನೆ, ಇವಳು ಮನೆ ಮಕ್ಕಳನ್ನೂ ಹೊಲಿಗೆಯನ್ನೂ ನೋಡಿಕೊಂಡಿರುತ್ತಾಳೆ. ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಾಗ ನನಗೆ ಗೋಡೆಯಾಚೆಯಿಂದ ಕೇಳಿಸದೆ ಉಳಿಯುತ್ತಿದ್ದ ದನಿ ಅವಳದೊಂದೇ. ಅಷ್ಟು ಮಿತಭಾಷಿ.

ಆ ದಿನಗಳಲ್ಲಿ ನನ್ನ ಧಾರಾವಾಹಿಯಲ್ಲಿ ಅಕ್ಕತಂಗಿಯರ ಪ್ರಸಂಗ ನಡೆದಿತ್ತು. ಕೋಟೆಗೆ ಶತ್ರುಗಳ ಮುತ್ತಿಗೆ ಬಿದ್ದಿದೆ. ಅಕ್ಕ ಚೆನ್ನವ್ವ ಕೋಟೆಯ ದಿಡ್ಡಿ ಬಾಗಿಲು ಕಾಯುವವನ ಹೆಂಡತಿ. ಗಂಡ ಗಾಯಗೊಂಡು ಮಲಗಿರುವುದರಿಂದ, ಆ ಸಣ್ಣ ಬಾಗಿಲಿನ ಕೀಲಿ ಈಗ ಅವಳ ಸೊಂಟದಲ್ಲಿದೆ. ತಂಗಿ ಮಾಳವ್ವನನ್ನು ಕೊಟ್ಟಿರುವುದು ಶತ್ರುವಿನ ಊರಿಗೆ. ಇಬ್ಬರ ನಡುವೆ ಹಿಂದೆಯೇ ಮಾತು ಮುರಿದಿದೆ. ಈಗ ತಂಗಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಕತ್ತಲಲ್ಲಿ ದಿಡ್ಡಿ ಬಾಗಿಲಿಗೆ ಬಂದು ಆಸರೆ ಬೇಡುತ್ತಾಳೆ. ಬಾಗಿಲು ತೆರೆದರೆ ಹಿಂದೆಯೇ ಶತ್ರುಗಳು ನುಗ್ಗಬಹುದು. ಅಲ್ಲಿಗೆ ಸಂಚಿಕೆ ನಿಲ್ಲಿಸಿದ್ದೆ.

ಮರುದಿನವೇ ಸಹನಾಳ ಫೋನು. ಕೇಳುವವರು ಕಡಿಮೆಯಾಗುತ್ತಿದ್ದಾರೆ, ಹೀಗೇ ಆದರೆ ಮೇಲಿನವರು ಕತೆಯನ್ನು ನಡುವಿನಲ್ಲೇ ಮುಗಿಸಲು ಹೇಳುತ್ತಾರೆ ಎಂದಳು. ದನಿಯಲ್ಲಿ ನನಗಿಂತ ಅವಳಿಗೇ ಹೆಚ್ಚು ಸಂಕಟವಿತ್ತು. "ಮೇಡಂ, ಏನಾದ್ರೂ ದೊಡ್ಡದು ಆಗ್ಲಿ. ಕೋಟೆ ಮೇಲೆ ಅಕ್ಕತಂಗಿ ಕತ್ತಿ ಹಿಡಿದು ಹೊಡೆದಾಡ್ಲಿ. ಸುತ್ತ ಬೆಂಕಿ. ಒಂದು ಆನೆ ಬರ್ಲಿ ಮೇಡಂ, ನಮ್ಮ ಸೌಂಡಿನವರು ಆನೆ ಚೆನ್ನಾಗಿ ಮಾಡ್ತಾರೆ."

ನಾನು ಒಪ್ಪಿಕೊಂಡೆ. ನಿಂತುಹೋಗುವ ಕತೆಗಿಂತ ಆನೆ ಬರುವ ಕತೆ ಮೇಲು. ಎರಡು ದಿನ ಕೂತು ಹೊಡೆದಾಟ ಬರೆದೆ. ಕಿಡಿ ಹಾರುವ ಕತ್ತಿಗಳು, ಘೀಳಿಡುವ ಆನೆ, ಉರಿದು ಬೀಳುವ ಬುರುಜು. ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿಕೊಂಡೆ, ರೋಮಾಂಚನವೂ ಆಯಿತು. ಕಳಿಸಬೇಕು ಎನ್ನುವಷ್ಟರಲ್ಲಿ ಹಾಲಮ್ಮ ಬಂದಳು.

ಮಧ್ಯಾಹ್ನದ ಊಟದ ಬಿಡುವು. ನನ್ನ ಜಂಪರು ಹೊಲಿದಾಗಿತ್ತು, ಕೊಟ್ಟು ಹೋಗಲು ಬಂದಿದ್ದಳು. ಕೊಟ್ಟಳು, ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಬೆರಳಿನಿಂದ ಸವರುತ್ತ ನಿಂತಳು.

"ಅಕ್ಕಾರ, ಒಂದು ಕೇಳಲೇನ್ರಿ?"

"ಕೇಳು ಹಾಲಮ್ಮ, ಒಳಗೆ ಬಾ."

"ಆಕಿ ಬಾಗಿಲು ತಗೀತಾಳೇನ್ರಿ? ಆ ಚೆನ್ನವ್ವ?"

ಕತೆ ಕೇಳುವವರು ಮುಂದೇನೆಂದು ಕೇಳುವುದು ಹೊಸದಲ್ಲ. ನಾನು ಎಂದಿನಂತೆ ನಕ್ಕು, ಮುಂದಿನ ಸಂಚಿಕೆ ಕೇಳಿದರೆ ಗೊತ್ತಾಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆ ನಗು ಅಲ್ಲೇ ನಿಂತಿತು.

"ಯಾಕವ್ವ?" ಎಂದೆ.

ಅವಳು ನೆಲದ ಮೇಲೆ ಕೂತಳು. ಅಷ್ಟು ವರ್ಷ ಗೋಡೆಯಾಚೆ ಕೇಳಿಸದ ದನಿ ಆ ಮಧ್ಯಾಹ್ನ ನನ್ನ ಕೋಣೆಯಲ್ಲಿ ನಿಧಾನವಾಗಿ, ನಿಂತು ನಿಂತು, ಹೊರಗೆ ಬಂತು. ಹಾಲಮ್ಮನ ಅಕ್ಕ ನಿಂಗಮ್ಮನನ್ನು ಹಡಗಲಿ ಕಡೆ ಕೊಟ್ಟಿದ್ದಾರೆ. ಇವರ ತಾಯಿ ಕೊನೆಗಾಲದಲ್ಲಿ ಹಾಲಮ್ಮನ ಮನೆಯಲ್ಲೇ ಮಲಗಿದ್ದಳು. ದಿನವೂ ಹಿರಿ ಮಗಳನ್ನು ಕೇಳುತ್ತಿದ್ದಳು. ಹಾಲಮ್ಮ ಹೇಳಿ ಕಳಿಸಿದಳು. ಆದರೆ ಆ ಮನೆಗಿದ್ದ ಒಂದೇ ಫೋನು ಕುರಿ ಹಿಂಡಿನ ಜೊತೆ ದೂರ ಹೋಗಿದ್ದ ನಿಂಗಮ್ಮನ ಗಂಡನ ಬಳಿ ಇತ್ತು, ಸುದ್ದಿ ತಲುಪಿದ್ದು ತಡವಾಗಿ. ನಿಂಗಮ್ಮ ಬಂದಾಗ ತಾಯಿಯ ಮಣ್ಣು ಮುಗಿದಿತ್ತು.

"ಬಾಗಿಲಾಗ ನಿಂತು ಅವ್ವಾ ಅಂತ ಅತ್ತಳ್ರಿ. ನನ್ನ ಹೊಟ್ಟ್ಯಾಗ ಉರಿ. ಈಗ್ಯಾಕ ಬಂದಿ, ಹೋಗು ಅಂದೆ. ಅಂದು ಬಾಗಿಲು ಹಾಕಿದೆ. ಫೋನಿಂದು ಆಮ್ಯಾಲೆ ತಿಳೀತು." ಅವಳು ಸೆರಗಿನ ತುದಿಯನ್ನು ಮಡಿಸಿ ಮಡಿಸಿ ಗಟ್ಟಿ ಗುಂಡಿಯಂತೆ ಮಾಡಿದ್ದಳು. "ಐದಾರು ವರ್ಷ ಆತು. ಆಕಿ ಬರಲಿಲ್ಲ, ನಾನು ಹೋಗಲಿಲ್ಲ. ಹೋದ್ರ ತಗೀತಾಳೋ ಇಲ್ಲೋ. ಅದಕ್ಕ ಕೇಳಿದೆ."

ನಿನ್ನ ಅಕ್ಕನ ಮನಸ್ಸು ನನಗೆ ಗೊತ್ತಿಲ್ಲ ತಾಯಿ, ಚೆನ್ನವ್ವನದು ಮಾತ್ರ ಗೊತ್ತು ಎನ್ನಬೇಕಿತ್ತು. ಆದರೆ ಆ ಗಳಿಗೆಯಲ್ಲಿ ಚೆನ್ನವ್ವನ ಮನಸ್ಸೂ ನನಗೆ ಗೊತ್ತಿರಲಿಲ್ಲ. ನಾನು ಅವಳ ಕೈಗೆ ಕತ್ತಿ ಕೊಟ್ಟಿದ್ದೆ, ಮನಸ್ಸು ಕೊಡಲು ಮರೆತಿದ್ದೆ. "ಇನ್ನೂ ಬರೆದಿಲ್ಲ ಹಾಲಮ್ಮ, ನಾನೂ ಯೋಚನೆ ಮಾಡ್ತಾ ಇದ್ದೀನಿ" ಎಂದೆ. ಸುಳ್ಳಾಗಿ ಬಾಯಿಂದ ಹೊರಟ ಮಾತು, ಅವಳು ಎದ್ದು ಹೋಗುವಷ್ಟರಲ್ಲಿ ನಿಜವಾಗಿತ್ತು.

ಹೊಡೆದಾಟವನ್ನು ತೆಗೆದು ಹಾಕಿದೆ. ಹಾಗೆಂದು ಇಬ್ಬರನ್ನೂ ಬಾಗಿಲ ಎರಡು ಕಡೆ ಕೂರಿಸಿ ಬರಿಯ ನಿಟ್ಟುಸಿರು ಬಿಡಿಸಲು ಹೊರಟರೆ ಅದೂ ಸಪ್ಪೆಯಾಯಿತು. ಹೊರಗೆ ಮುತ್ತಿಗೆ ಬಿದ್ದಿದೆ ಎಂಬುದೇ ಮರೆತುಹೋಗುವಷ್ಟು ಸಪ್ಪೆ. ಬಾಗಿಲು ತೆರೆಯುವುದರಲ್ಲಿ ಅಪಾಯವಿಲ್ಲದಿದ್ದರೆ ತೆರೆದದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ಆಗ, ಎಷ್ಟೋ ವರ್ಷಗಳ ಹಿಂದೆ ಅರಸೀಕೆರೆಯ ಅಂಗಳದಲ್ಲಿ ಅಜ್ಜ ಹೇಳಿದ ಮಾತು ನೆನಪಾಯಿತು. ಬೆಂಕಿ ಇರಲಿ. ಆನೆಯೂ ಬರಲಿ. ಆದರೆ ಆ ಬೆಳಕು ಯಾರ ಮುಖದ ಮೇಲೆ ಬೀಳಬೇಕು?

ಹೀಗೆ ಬರೆದೆ: ಶತ್ರುಗಳು ಕೋಟೆಯ ಹೆಬ್ಬಾಗಿಲನ್ನು ಒಡೆಯಲು ಮದವೇರಿದ ಆನೆಯನ್ನು ನುಗ್ಗಿಸುತ್ತಾರೆ. ಅದನ್ನು ಬೆದರಿಸಲು ಕೋಟೆಯ ಮೇಲಿನವರು ಎಣ್ಣೆಯಲ್ಲಿ ಅದ್ದಿದ ಹುಲ್ಲಿನ ಹೊರೆಗಳಿಗೆ ಬೆಂಕಿ ಹಚ್ಚಿ ಕೆಳಗೆ ಎಸೆಯುತ್ತಾರೆ. ಆನೆ ಹುಚ್ಚೆದ್ದು ದಿಡ್ಡಿ ಬಾಗಿಲ ಕಡೆ ತಿರುಗುತ್ತದೆ. ಆ ಬೆಂಕಿಯ ಬೆಳಕಿನಲ್ಲಿ ಚೆನ್ನವ್ವ ಬಾಗಿಲ ಕಿಂಡಿಯಿಂದ ನೋಡುತ್ತಾಳೆ, ಎಷ್ಟೋ ವರ್ಷಗಳ ನಂತರ ತಂಗಿಯ ಮುಖ ಕಾಣುತ್ತದೆ. ತಂಗಿ ಆನೆಯನ್ನು ನೋಡುತ್ತಿಲ್ಲ, ಬಾಗಿಲನ್ನೇ ನೋಡುತ್ತಿದ್ದಾಳೆ. ಚೆನ್ನವ್ವ ಕೀಲಿ ತಿರುಗಿಸುತ್ತಾಳೆ. ಮಾಳವ್ವ ಒಳಗೆ ಬೀಳುವುದಕ್ಕೂ ಆನೆಯ ಮೈ ಗೋಡೆಗೆ ಬಡಿಯುವುದಕ್ಕೂ ಕೂದಲೆಳೆಯ ಅಂತರ. ಹೊರಗೆ ಪ್ರಳಯವಾಗುತ್ತಿರುವಾಗ ಒಳಗೆ ಅಕ್ಕ ಯಾವ ಮಾತೂ ಆಡುವುದಿಲ್ಲ. ತಂಗಿಯ ಕಂಕುಳಿನಿಂದ ಕೂಸನ್ನು ತನ್ನ ಕಂಕುಳಿಗೆ ತೆಗೆದುಕೊಳ್ಳುತ್ತಾಳೆ, ಅಷ್ಟೆ.

ಸಹನಾ ಓದಿ ಫೋನು ಮಾಡಿದಳು. ಕತ್ತಿ ಕೇಳಿದ್ದಳು, ಸಿಕ್ಕಿರಲಿಲ್ಲ. ಆದರೂ, "ಆನೆ ಇದೆಯಲ್ಲ ಮೇಡಂ, ನಾನು ಮಾತಾಡ್ತೀನಿ" ಎಂದಳು. ಮೇಲಿನವರ ಹತ್ತಿರ ಏನು ಮಾತಾಡಿದಳೋ, ಒಂದು ಪದವೂ ಬದಲಾಗದೆ ಸಂಚಿಕೆ ಹೊರಬಂತು. ಬರೆಯುವವರಿಗೂ ಮೇಲಿನವರಿಗೂ ನಡುವೆ ನಿಂತು ಇಂಥ ಕೆಲಸ ಮಾಡುವವರ ಹೆಸರು ಯಾವ ಕತೆಯ ಕೊನೆಯಲ್ಲೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆನೆಯನ್ನು ಕೇಳಿದವಳೂ ಅವಳೇ, ಅದನ್ನು ಮರೆಯಬಾರದು.

ಸಂಚಿಕೆ ಬಂದ ಬೆಳಿಗ್ಗೆ ನಾನು ಪೆನ್ನು ಮುಟ್ಟದೆ ಗೋಡೆಗೆ ಕಿವಿಯಾಗಿ ಕೂತೆ. ಚೊಂಬು ಮೊಳಗಿತು. ಆನೆ ಘೀಳಿಟ್ಟಿತು, ಸೌಂಡಿನವರು ನಿಜವಾಗಿಯೂ ಚೆನ್ನಾಗಿ ಮಾಡುತ್ತಾರೆ. ಯಂತ್ರಗಳು ಬಿರುಗಾಳಿಯಂತೆ ಓಡಿದವು. ಬೆಂಕಿಯ ಹೊರೆ ಬಿತ್ತು, ಅವು ಇನ್ನೂ ಓಡಿದವು. ಚೆನ್ನವ್ವ ಕಿಂಡಿಗೆ ಕಣ್ಣಿಟ್ಟಳು. ಒಮ್ಮೆಲೇ ಎಲ್ಲ ಯಂತ್ರಗಳೂ ನಿಂತವು. ಸಂಚಿಕೆ ಮುಗಿದ ಮೇಲೂ ಬಹಳ ಹೊತ್ತು ಯಾವುದೂ ಶುರುವಾಗಲಿಲ್ಲ. ಆಮೇಲೆ ಶಾರದಕ್ಕ, "ಏಳ್ರಿ, ಚಾ ಕುಡಿಯಾನು" ಎಂದದ್ದು ಕೇಳಿಸಿತು.

ಮರುದಿನ ಹಾಲಮ್ಮ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಹಡಗಲಿಗೆ ಹೋಗ್ಯಾಳಂತ್ರಿ" ಎಂದಳು ಶಾರದಕ್ಕ, ಬೇರೇನೂ ಗೊತ್ತಿಲ್ಲದೆ. ಕತೆಯಲ್ಲಿ ಬಾಗಿಲು ತೆರೆಸುವುದು ನನ್ನ ಕೈಯಲ್ಲಿತ್ತು. ಹಡಗಲಿಯ ಬಾಗಿಲಿನ ಕೀಲಿ ಯಾರ ಸೊಂಟದಲ್ಲಿದೆಯೋ! ನಾನು ಬರೆದ ನಾಲ್ಕು ಸಾಲನ್ನು ನಂಬಿ ಹೋದ ಹೆಣ್ಣುಮಗಳು ಬಾಗಿಲು ತೆರೆಸಿಕೊಳ್ಳಲಾಗದೆ ಹಿಂದಿರುಗಿದರೆ? ಮನರಂಜನೆ, ಮನರಂಜನೆ ಎಂದು ನಾವು ಹಗುರಾಗಿ ಕರೆಯುವ ಈ ಪದಾರ್ಥವನ್ನು ಜನ ಯಾವ ಯಾವ ಗಾಯಕ್ಕೆ ಹಚ್ಚಿಕೊಳ್ಳುತ್ತಾರೆಂದು ಅದನ್ನು ಮಾರುವ ನಮಗೆ ತಿಳಿಯುವುದೇ ಇಲ್ಲ. ಆ ಎರಡು ದಿನ ನಾನು ಒಂದು ಸಾಲನ್ನೂ ಬರೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಹಾಲಮ್ಮ ನಿಂತಿದ್ದಳು. ಹಿಂದೆ, ಅವಳಿಗಿಂತ ಒಂದು ಗೇಣು ಎತ್ತರದ, ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿದ ಹೆಂಗಸು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಯಾರೆಂದು ಹೇಳಬೇಕಾಗಿರಲಿಲ್ಲ, ಇಬ್ಬರ ಮೂಗೂ ಒಂದೇ. ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟೆ. ಹಾಲಮ್ಮ ಎಂದಿನಂತೆ ಮೌನಿ. ಆದರೆ ಮನೆತನದ ಮಾತೆಲ್ಲ ಹಿರಿಯವಳ ಪಾಲಿಗೆ ಬಂದಿತ್ತು.

"ನಿಮ್ಮನ್ನ ನೋಡಬೇಕು ಅಂತ ಬಂದೆ ನೋಡ್ರಿ ಅಕ್ಕಾರ" ಎಂದು ನಿಂಗಮ್ಮ ಶುರು ಮಾಡಿದಳು. "ನಾನು ನಿಮ್ಮ ಕತಿ ಕೇಳಿಲ್ರಿ. ಅವತ್ತು ಈಕಿ ಬಂದು ನಮ್ಮ ಬಾಗಿಲಾಗ ನಿಂತಾಳ. ಬಾ ಅನ್ನಾಕ ನನಗ ಬಾಯಿ ಬರವಲ್ದು, ತಪ್ಪಾತು ಅನ್ನಾಕ ಈಕಿಗೆ ಬಾಯಿ ಬರವಲ್ದು. ಬಿಸಲಾಗ ಹಂಗ ನಿಂತಾಳ. ಒಮ್ಮಿಗಲೇ, ಒಂದು ಕ್ವಾಟಿ ಇತ್ತಂತ ಅಂದ್ಲು."

"ಏನಂದಳು?"

"ಒಂದು ಕ್ವಾಟಿ ಇತ್ತಂತ! ಇದಕ್ಕೇನು ಹುಚ್ಚು ಹಿಡಿದೈತೋ ಅಂತ ನಾನು ನೋಡ್ತೀನಿ. ದಂಡು ಬಂತಂತ, ಬೆಂಕಿ ಹಚ್ಚಿದ್ರಂತ, ಆನಿ ಬಂತಂತ. ಅಲ್ಲೊಬ್ಬಾಕಿ ಅಕ್ಕ ಇದ್ಲು ಅಂತಾಳ, ಗಂಟಲು ಕಟ್ಟತೈತಿ. ಸುಮ್ಮನಾಗ್ತಾಳ. ಸುಮ್ಮನಾಗಿ, ಮತ್ತೊಂದು ಆನಿ ಬಂತಂತ ಅಂತಾಳ. ಮತ್ತ ಅಕ್ಕನ ಮಾತಿಗೆ ಬರ್ತಾಳ, ಮತ್ತ ಅಳು. ಮತ್ತ ಇನ್ನೊಂದು ಆನಿ! ನೆರಿಮನಿಯವ್ರೆಲ್ಲಾ ಬಂದು ನಿಂತು ಕೇಳಾಕ ಹತ್ತ್ಯಾರ. ಕಡೀಕ ನಾನ ಅಂದೆ, ಆನಿ ಸಾಕವ್ವ, ನೀ ಒಳಗ ಬಾ."

ಹಾಲಮ್ಮ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನನ್ನ ಕಣ್ಣಂತೂ ತುಂಬಿ ಮಂಡಕ್ಕಿಯ ತಟ್ಟೆ ಕಾಣದಂತಾಗಿತ್ತು. ನಿಂಗಮ್ಮ ಮಲ್ಲಿಗೆಯ ಮಾಲೆಯನ್ನು ಹಲ್ಲಿನಿಂದ ಕಡಿದು, ಒಂದು ತುಂಡನ್ನು ನನ್ನ ಕೈಗಿತ್ತು, ಇನ್ನೊಂದನ್ನು ತಂಗಿಯ ತಲೆ ಬಗ್ಗಿಸಿ ಹೆರಳಿಗೆ ಮುಡಿಸುತ್ತ ಕೇಳಿದಳು:

"ಖರೇ ಹೇಳ್ರಿ, ನೀವು ಎಷ್ಟು ಆನಿ ಬರದಿದ್ರಿ?"

"ಒಂದೇ" ಎಂದೆ.

"ಒಂದ! ಏನಲೇ ಹಾಲಿ, ನೀನು ಹಿಂಡಗಟ್ಟಲೆ ಹೊಡಕೊಂಡು ಬಂದಿದ್ದ್ಯಲ್ಲ?"

ಹಾಲಮ್ಮ ಸೆರಗಿನೊಳಗಿಂದಲೇ ಹೇಳಿದಳು:

"ಒಂದ ಆನಿಗೆ ನೀ ಕರಗೋ ಪೈಕಿ ಏನು?"